ಯಜಮಾನರ ದನಿ

ಹೋದ ತಿಂಗಳು ತಿಪಟೂರಿನ ಕಾಲೇಜೊಂದರಿಂದ ಇಬ್ಬರು ಮೇಷ್ಟ್ರುಗಳು ನನ್ನ ಕೊಬ್ಬರಿ ಮಂಡಿಗೆ ಬಂದರು. ಕಷ್ಟಪಟ್ಟು ಮೇಲೆ ಬಂದವರನ್ನು ಕರೆಸಿ ಮಕ್ಕಳಿಗೆ ನಾಲ್ಕು ಮಾತು ಹೇಳಿಸುತ್ತಾರಂತೆ. ನಾಲ್ಕು ಮಾತಿಗೆ ನನಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಮೊದಲಿಗೆ ನನ್ನ ಹೆಸರು ಕೇಳಿ, ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದರು. ಹೆಸರಿನ ಮೊದಲ ಅಕ್ಷರ ತುಟಿಗೆ ಬಂದು ನಿಂತಿತು. ಒಬ್ಬರು ತಾರಸಿ ನೋಡಿದರು. ಇನ್ನೊಬ್ಬರು, ಅವರಿಗೇ ತಿಳಿಯದೆ, ತಮ್ಮ ಬಾಯನ್ನೂ ನನ್ನ ಬಾಯಿಯಂತೆ ತೆರೆದರು. ಕೊನೆಗೆ ನಾನೇ ಪೆನ್ನು ಇಸಿದುಕೊಂಡು ಬರೆದುಕೊಟ್ಟೆ. ಹೋಗುವಾಗ, ಭಾಷಣವನ್ನೂ ಹೀಗೇ ಬರೆದುಕೊಟ್ಟರೆ ಸಾಕು, ಯಾರಾದರೂ ಓದುತ್ತಾರೆ ಎಂದರು.

ಹಾಗಾಗಿ ಬರೆಯಲು ಕೂತಿದ್ದೇನೆ. ಇದು ಮಕ್ಕಳ ಮುಂದೆ ಓದುವಂಥದ್ದಲ್ಲ ಎಂದು ಈಗಾಗಲೇ ಗುಮಾನಿ ಬಂದಿದೆ.

ನಮ್ಮದು ಹಂದನಕೆರೆ ಕಡೆಯ ಒಂದು ಹಟ್ಟಿ. ಕುರಿ ಮೇಯಿಸುವವರು. ಅಪ್ಪ ನಾನು ಸಣ್ಣವನಿರುವಾಗಲೇ ಹೋದ. ನಾನು ಹುಟ್ಟು ಉಗ್ಗ. ಅವ್ವ ನನ್ನ ನಾಲಿಗೆಗೆ ಬಜೆ ತೇದು ತೇದು, ನಾಲಿಗೆಯ ಬದಲು ಬಜೆಯ ಬೇರೇ ಮಾತಾಡುವಷ್ಟು ತಿಕ್ಕಿದ್ದಳು. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ನನ್ನ ಸರದಿ ಬಂತೆಂದರೆ ಹುಡುಗರು ಬೆಂಚಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವಂತೆ ನಟಿಸುತ್ತಿದ್ದರು. ಮೂಗಿನಲ್ಲಿ ಮಾತಾಡುವ ಮೇಷ್ಟ್ರೊಬ್ಬರಿದ್ದರು. ಒಂದು ದಿನ ನನ್ನ ಹೆಸರು ಕೂಗಿದಾಗ, ಏನಾಯಿತೋ, ಅವರ ಮೂಗಿನ ದನಿಯಲ್ಲೇ "ಬಂದಿದ್ದೀನಿ ಸಾ" ಎಂದುಬಿಟ್ಟೆ. ಒಂದು ಅಕ್ಷರವೂ ಎಡವಲಿಲ್ಲ. ಅವರು ಹೊಡೆದರು. ಅದುವರೆಗೂ ಮಾತು ಬರುವುದಿಲ್ಲವೆಂದು ಹೊಡೆಯುತ್ತಿದ್ದರು, ಅವತ್ತು ಬಂದದ್ದಕ್ಕೆ ಹೊಡೆದರು. ನನಗೆ ನೋವೇ ಆಗಲಿಲ್ಲ.

ಕುರಿಮಂದೆ ಹಳ್ಳದ ಮುಂದೆ ನಿಂತುಬಿಟ್ಟರೆ ದೊಣ್ಣೆಯಲ್ಲಿ ಬಡಿದರೂ ಇಳಿಯುವುದಿಲ್ಲ. ಒಂದು ಮೇಕೆಯನ್ನು ಮುಂದೆ ನುಗ್ಗಿಸಿದರೆ ಅದರ ಹಿಂದೆ ಅಷ್ಟೂ ಇಳಿಯುತ್ತವೆ. ನನ್ನ ಮಾತೂ ಹಾಗೆ. ಬೇರೆಯವರ ದನಿ ಮುಂದೆ ಹೋದರೆ ನನ್ನ ಮಾತೆಲ್ಲ ಹಿಂದೆ ದಾಟುತ್ತಿತ್ತು. ಆಮೇಲೆ ಹಟ್ಟಿಯಲ್ಲಿ ನಾನು ಬಿಟ್ಟವರಿಲ್ಲ. ಪೂಜಾರಿ, ಗೌಡರ ಮನೆಯ ಕಿವುಡಿ, ಹೆಂಡತಿ ಸತ್ತಾಗ ಅತ್ತ ಚಿಕ್ಕಪ್ಪ, ಎಲ್ಲರನ್ನೂ ಅಣಕಿಸಿದೆ. ಚಿಕ್ಕಪ್ಪನದು ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅವನೇ ಕೂತು ನೋಡಿ ನಕ್ಕು, ನಡುವೆ ಎದ್ದು ಹೋದ.

ಪಿಯುಸಿ ಮುಗಿಸಿದ ಮೇಲೆ ಊರ ಹಾಲಿನ ಡೈರಿಯಲ್ಲಿ ಲೀಟರು ಬರೆಯುವ ಕೆಲಸ ಖಾಲಿಯಾಯಿತು. ಆ ಕೆಲಸಕ್ಕೆ ಬಾಯಿ ಬೇಕಿರಲಿಲ್ಲ, ಕೈ ಸಾಕಿತ್ತು. ಆದರೂ ಮೂರು ಜನ ಹಿರಿಯರು ಇಂಟರ್‌ವ್ಯೂ ಅಂತ ಕೂತರು, ಹೆಸರು ಕೇಳಿದರು, ನಾನು ಶುರು ಮಾಡಿದೆ. ಅವರಿಗೆ ಕಾಫಿ ಬಂತು, ಕುಡಿದರು, ಲೋಟ ಕೆಳಗಿಟ್ಟರು. ನಾನಿನ್ನೂ ಮೊದಲ ಅಕ್ಷರದಲ್ಲೇ ಇದ್ದೆ. ನಡುವೆ ಕೂತವರು ಹೇಳಿದರು:

"ನೀನು ಹೆಸ್ರು ಹೇಳೋ ಹೊತ್ಗೆ ಹಾಲು ಮೊಸ್ರಾಯ್ತದೆ ಕಣ್ಲಾ."

ಒಳ್ಳೆಯ ಮಾತು. ಇವತ್ತಿಗೂ ಅದನ್ನು ನಾನೇ ಆಡಿದ್ದರೆ ಎನ್ನಿಸುತ್ತದೆ. ಮನೆಗೆ ಹೋಗಿ ಅವ್ವನಿಗೆ ಅವರದೇ ದನಿಯಲ್ಲಿ ಹೇಳಿ ತೋರಿಸಿದೆ. ಅವ್ವ ನಗಲಿಲ್ಲ. ಮಾರನೆಯ ವಾರ ನನ್ನನ್ನು ತಿಪಟೂರಿನ ಬಸ್ಸು ಹತ್ತಿಸಿದಳು.

ಆಗ ನನಗೆ ಇಪ್ಪತ್ತು ದಾಟಿತ್ತು. ಕೊಬ್ಬರಿ ಮಂಡಿಯೊಂದರಲ್ಲಿ ಹಮಾಲಿ ಸಿಕ್ಕಿತು. ನಮ್ಮ ಕಡೆ ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಅಲ್ಲಾಡಿಸದೆ ಇಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಗುಡುಗುಡು ಉರುಳಿದಾಗ ಸುಲಿದು, ಒಡೆದು, ಮಂಡಿಗೆ ತರುತ್ತಾರೆ. ರೈತರು ತಂದದ್ದನ್ನು ಮಂಡಿಯಲ್ಲಿ ರಾಶಿ ಹಾಕುತ್ತೇವೆ. ಹರಾಜಿನ ದಿನ ರೇಟು ಆಗುತ್ತದೆ. ಆಮೇಲೆ ಚೀಲ ತುಂಬಿ ಲಾರಿಗೆ ಹಾಕಿದರೆ ಅದು ದಿಲ್ಲಿಗೋ ಇನ್ನೆಲ್ಲಿಗೋ ಹೋಗುತ್ತದೆ. ರಾಶಿಯ ಮುಂದೆ ಆಡಿದ ಮಾತಿಗೆ ಚೀಟಿ ಬೇಡ, ಸಾಕ್ಷಿ ಬೇಡ. ಬಾಯಿಂದ ಬಂದರೆ ಮುಗಿಯಿತು. ರೇಟು ಏರಿದರೂ ಬಿದ್ದರೂ ಆಡಿದವನು ಅದಕ್ಕೆ ನಿಲ್ಲಬೇಕು. ನನ್ನಂಥವನಿಗೆ ಇಡೀ ತಾಲ್ಲೂಕಿನಲ್ಲಿ ಇದಕ್ಕಿಂತ ಹೊಂದದ ಜಾಗ ಇರಲಿಲ್ಲ.

ಮಂಡಿಯ ಯಜಮಾನರು ಐವತ್ತು ದಾಟಿದ ದಪ್ಪ ಆಸಾಮಿ. ಗಂಟಲಲ್ಲಿ ಸದಾ ಒಂದು ಗೊರಗೊರ. ವ್ಯಾಪಾರ ಕುದುರಿದಾಗ "ಆಯ್ತು ಕಣಪ್ಪ" ಎನ್ನುತ್ತಿದ್ದರು. ರೈತನಿಗೂ ಅದೇ, ಫೋನಿನಲ್ಲಿ ದಿಲ್ಲಿಯ ಸೇಠುವಿಗೂ ಅದೇ. ಸೇಠುವಿಗೆ ಕನ್ನಡದಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಅದು ಕಿವಿಗೆ ಬಿದ್ದರೆ ಅವನು ಲಾರಿ ಹೊರಟಿತೆಂದೇ ತಿಳಿಯುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಊಟದ ಹೊತ್ತಿನಲ್ಲಿ ನಾನು ಹಮಾಲರಿಗೆ ಯಜಮಾನರನ್ನು ಮಾಡಿ ತೋರಿಸುತ್ತಿದ್ದೆ. ಒಂದು ದಿನ ಹಿಂದಿನಿಂದ ಬಂದು ನಿಂತು ಕೇಳಿಸಿಕೊಂಡರು. ಕೆಲಸ ಹೋಯಿತು ಅಂದುಕೊಂಡೆ. ಅವರು ಅದಕ್ಕಿಂತ ಕೆಟ್ಟದ್ದು ಮಾಡಿದರು. ಯಾರಾದರೂ ನೆಂಟರೋ ವ್ಯಾಪಾರಿಗಳೋ ಬಂದರೆ ನನ್ನನ್ನು ಕರೆಸಿ ಮುಂದೆ ನಿಲ್ಲಿಸಿ, "ಮೊದ್ಲು ನಿಂದ್ರಾಗೆ ತಿಪಟೂರು ಅನ್ಲಾ, ಆಮೇಲೆ ನಂದ್ರಾಗೆ ಅನ್ನು" ಎನ್ನುವರು. ನಾನು ನನ್ನ ದನಿಯಲ್ಲಿ ಶುರು ಮಾಡುತ್ತಿದ್ದೆ. ಬಂದವರು ವಾಚು ನೋಡಿ, ಕಿಬ್ಬನಹಳ್ಳಿ ಬಂತಾ, ತಿಪಟೂರಿಗೆ ಇನ್ನೂ ಎಷ್ಟು ಮೈಲಿ ಎಂದು ಕೇಳುತ್ತಾ ಬೋಂಡ ತಿನ್ನುತ್ತಿದ್ದರು. ಆಮೇಲೆ ಯಜಮಾನರ ದನಿಯಲ್ಲಿ ಸರಾಗ ಅನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಉಳಿದ ಬೋಂಡ ನನಗೆ. ಬೋಂಡ ಚೆನ್ನಾಗಿರುತ್ತಿತ್ತು, ಸುಳ್ಳು ಹೇಳಬಾರದು.

ಒಂದು ಸಲ ಯಜಮಾನರು ನೊಣವಿನಕೆರೆಗೆ ಮದುವೆಗೆ ಹೋಗಿದ್ದಾಗ ಫೋನು ಹೊಡೆದುಕೊಂಡಿತು. ಎಸ್‌ಟಿಡಿ ಕಾಲು. ರಿಂಗು ಉದ್ದವಿತ್ತು, ದಿಲ್ಲಿಯದೇ. ಎತ್ತದಿದ್ದರೆ ಸೇಠು ಪಕ್ಕದ ಮಂಡಿಗೆ ಮಾಡುತ್ತಿದ್ದ. ಎತ್ತಿದೆ. ನನ್ನ ದನಿಯಲ್ಲಿ ಹಲೋ ಅನ್ನುವುದು ಈ ಜನ್ಮದಲ್ಲಿ ಆಗುವುದಲ್ಲ. ಗಂಟಲಲ್ಲಿ ಗೊರಗೊರ ತಂದುಕೊಂಡು "ಹಾಂ, ಬೋಲಿಯೇ ಸೇಠ್‌ಜೀ" ಎಂದೆ. ನನಗೆ ಹಿಂದಿ ಬರುತ್ತಿರಲಿಲ್ಲ, ಯಜಮಾನರ ಹಿಂದಿ ಬರುತ್ತಿತ್ತು. "ಮಾಲ್ ಏಕ್‌ದಮ್ ಒಣಗಾ ಹೈ" ಎಂದೆ, ಅವರು ಎನ್ನುವ ಹಾಗೆಯೇ. ಬೆಳಿಗ್ಗೆ ಅವರು ಬೇರೊಬ್ಬರಿಗೆ ಹೇಳಿದ್ದ ರೇಟನ್ನೇ ಹೇಳಿದೆ. ಸೇಠು ಇಳಿಸು ಎಂದ. ಯಜಮಾನರು ಇಂಥಲ್ಲಿ ಮಾತಾಡದೆ ಕೆಮ್ಮುತ್ತಿದ್ದರು. ಕೆಮ್ಮಿದೆ. ಅವನು ಇನ್ನೊಂದು ಸಲ ಇಳಿಸು ಎಂದ. ಇನ್ನೊಂದು ಸಲ ಕೆಮ್ಮಿದೆ. ಅವನು ಒಪ್ಪಿದ. "ಆಯ್ತು ಕಣಪ್ಪ" ಎಂದು ಫೋನಿಟ್ಟಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಸಾಯಂಕಾಲ ಯಜಮಾನರು ಬಂದಾಗ ಲಾರಿ ಲೋಡಾಗುತ್ತಿತ್ತು. ವಿಷಯ ಕೇಳಿ ಎರಡು ಬಾರಿಸಿದರು, ಆಮೇಲೆ ರೇಟು ಕೇಳಿದರು. ಹಮಾಲನೊಬ್ಬ ನನ್ನ ಪರವಾಗಿ ರೇಟನ್ನೂ ಎರಡು ಕೆಮ್ಮನ್ನೂ ಹೇಳಿದ. ಯಜಮಾನರು ಗಾದಿಯ ಮೇಲೆ ಕೂತರು.

"ಎರಡ್ ಸಲ ಕೆಮ್ಮಿದ್ಯಾ? ನಾನಾಗಿದ್ರೆ ಒಂದೇ ಕೆಮ್ಮಿಗೆ ಒಪ್ಕಬುಡ್ತಿದ್ದೆ ಕಣ್ಲಾ."

ಮಾರನೆಯ ದಿನದಿಂದ ಚೀಲ ಹೊರುವುದು ತಪ್ಪಿತು. ಫೋನಿನ ಪಕ್ಕ ನನಗೊಂದು ಸ್ಟೂಲು ಬಂತು. ಐದು ವರ್ಷ ಅಲ್ಲಿ ಕೂತೆ. ಸಂಬಳ ಏರಿತು, ಚಪ್ಪಲಿ ಹೋಗಿ ಷೂ ಬಂತು. ಮುಟ್ಟಿ ಮೂಸಿ ಕೊಬ್ಬರಿ ಅಳೆಯುವುದು, ಕೌಟು ವಾಸನೆ ಬಂದ ಉಂಡೆಯನ್ನು ರಾಶಿಯಿಂದ ಹೆಕ್ಕಿ ಎಸೆಯುವುದು, ಯಾವ ಊರಿನ ಮಾಲು ಯಾವ ತಿಂಗಳು ಬರುತ್ತದೆ ಎನ್ನುವುದು, ಎಲ್ಲ ಕಲಿತೆ. ಯಜಮಾನರು ಕಲಿಸಿದರು ಎನ್ನಬೇಕು. ಬಯ್ಯುತ್ತಲೇ ಕಲಿಸಿದರು, ನೆಂಟರು ಬಂದಾಗ ನಿಲ್ಲಿಸುವುದನ್ನೂ ಬಿಡಲಿಲ್ಲ. ನನಗೂ ಒಂದು ಮಂಡಿ ಬೇಕು ಎನ್ನುವ ಆಸೆ ಆ ಸ್ಟೂಲಿನ ಮೇಲೆಯೇ ಹುಟ್ಟಿತು. ಆದರೆ ಮಂಡಿಗೆ ಕೊಳ್ಳುವವರು ಬೇಕು. ದಿಲ್ಲಿಗೆ ಗೊತ್ತಿದ್ದುದು ಯಜಮಾನರ ದನಿ. ನನ್ನ ದನಿಗೆ ಹಂದನಕೆರೆಯಲ್ಲೇ ಕೊಳ್ಳುವವರಿರಲಿಲ್ಲ.

ಆಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು ಹೋಯಿತು, ಜೊತೆಗೆ ಮಾತು ಹೋಯಿತು. ಅವರಿಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳು ಮಗಳನ್ನು ದೂರಕ್ಕೆ ಕೊಟ್ಟಿದ್ದರು. ಒಂದು ವಾರಕ್ಕೆ ಅವರ ಹೆಂಡತಿ ಮಂಡಿಗೆ ಬಂದರು. ನಾವು ಅವರನ್ನು ಅಮ್ಮಾವ್ರು ಎನ್ನುತ್ತಿದ್ದೆವು. ಅದುವರೆಗೆ ಮಂಡಿಯ ಮೆಟ್ಟಿಲು ತುಳಿದವರಲ್ಲ. ರಾಶಿಗಳ ನಡುವೆ ಸೆರಗು ಎತ್ತಿಕೊಂಡು ನಡೆದು ಬಂದು, "ಊರಿಗೆಲ್ಲ ಗೊತ್ತಾಗೈತೆ, ದಿಲ್ಲಿಗೆ ಗೊತ್ತಾಗ್ದಂಗೆ ನೋಡ್ಕಳಪ್ಪ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಎಂದೂ ಉಗ್ಗಿಲ್ಲ.

ಮೂರು ತಿಂಗಳಾದ ಮೇಲೆ ಹರಾಜಿನ ದಿನಗಳಲ್ಲಿ ಯಜಮಾನರನ್ನು ಆಟೋದಲ್ಲಿ ಕರೆತಂದು ಗಾದಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸತೊಡಗಿದರು. ಬಾಯಿಯ ಬಲತುದಿ ಜೋತಿತ್ತು. ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ನಾಲಿಗೆಯಲ್ಲಿ ಉಳಿದಿದ್ದುದು ಒಂದೇ ಮಾತು. ನೀರು ಬೇಕಾದರೂ "ಆಯ್ತು ಕಣಪ್ಪ", ಬೇಡವಾದರೂ "ಆಯ್ತು ಕಣಪ್ಪ", ಸಿಟ್ಟು ಬಂದರೂ ಅದೇ. ಬಾಯಿ ಅದನ್ನು ಹೇಳುತ್ತಿದ್ದಾಗ ತಲೆ ಅಡ್ಡಡ್ಡ ಆಡುತ್ತಿತ್ತು, ಎಡಗೈ ಗಾದಿಯನ್ನು ಬಡಿಯುತ್ತಿತ್ತು. ಮನೆಯಲ್ಲಿ ಅಮ್ಮಾವ್ರು ಆ ತಲೆ ಮತ್ತು ಕೈ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದರು. ದೊಡ್ಡಾಸ್ಪತ್ರೆಯ ಡಾಕ್ಟರು ಲಕ್ವದವರಲ್ಲಿ ಹೀಗಾಗುವುದುಂಟು, ತೀರಾ ಆಡಿ ಆಡಿ ಸವೆದ ಮಾತು ಮಾತ್ರ ಉಳಿಯುತ್ತದೆ ಎಂದರಂತೆ.

ಅವರಿಂದ ಎರಡು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ನಾನು ಅವರ ದನಿಯಲ್ಲಿ ದಿಲ್ಲಿಯ ಜೊತೆ ಮಾತಾಡುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದರು. ಒಂದೊಂದು ಸಲ ನಾನು ಕೆಮ್ಮುವ ಜಾಗದಲ್ಲಿ ಅವರ ಗಂಟಲೂ ಅಲ್ಲಾಡುತ್ತಿತ್ತು.

ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದಾಗ ನನಗೆ ಚೇಷ್ಟೆ ಹತ್ತಿತು. ಪೂಜಾರಿಯ ದನಿ ತೆಗೆದು, ಯಜಮಾನ್ರೇ, ನಿಮ್ಮ ತೋಟ ದೇವಸ್ಥಾನಕ್ಕೆ ಬಿಡ್ತೀರಾ ಎಂದೆ. "ಆಯ್ತು ಕಣಪ್ಪ" ಎಂದರು. ಹಮಾಲರು ನಕ್ಕರು. ಆಮೇಲೆ ಎಲ್ಲರೂ ಶುರು ಮಾಡಿದರು. ಇನ್ನೊಂದು ಮದುವೆ ಆಗ್ತೀರಾ, ನಮ್ಮ ಚೀಲ ಹೊರ್ತೀರಾ, ಕತ್ತೆ ಮೇಲೆ ಕೂರ್ತೀರಾ. ಎಲ್ಲಕ್ಕೂ ಅವರ ಬಾಯಿ ಒಪ್ಪುತ್ತಿತ್ತು, ಕೈ ಗಾದಿಯನ್ನು ಬಡಿಯುತ್ತಿತ್ತು. ನಕ್ಕು ನಕ್ಕು ಹಮಾಲನೊಬ್ಬ ಚೀಲದ ಮೇಲಿಂದ ಬಿದ್ದ. ಆ ಆಟ ದಿನಾ ನಡೆಯಿತು. ಶುರು ಮಾಡಿದವನು ನಾನು ಎನ್ನುವುದನ್ನು ಇಲ್ಲಿ ಬರೆಯದೆ ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಹಮಾಲರಿಗೆ ಅದು ಆಟವಾಗಿಯೇ ಉಳಿಯಿತು. ನನಗೆ ಮಾತ್ರ ಒಂದು ದಿನ, ಈ ಬಾಯಿಯಿಂದ ಏನು ಬೇಕಾದರೂ ಬರುತ್ತದಲ್ಲ ಎಂದು ಹೊಳೆಯಿತು.

ಅಮ್ಮಾವ್ರಿಗೆ ಕಾಗದ ಬರೆದು ಕಳಿಸಿದೆ. ಮಂಡಿಯನ್ನೂ ಫೋನನ್ನೂ ನನ್ನ ಹೆಸರಿಗೆ ಬಿಟ್ಟುಕೊಟ್ಟರೆ ಇಷ್ಟು ಕೊಡುತ್ತೇನೆ, ಇಲ್ಲವಾದರೆ ಎದುರಿನ ಮಂಡಿಗೆ ಹೋಗುತ್ತೇನೆ, ದನಿ ಎಲ್ಲಿಗೆ ಹೋಗುತ್ತದೋ ದಿಲ್ಲಿ ಅಲ್ಲಿಗೇ ಬರುತ್ತದೆ ಎಂದು. 'ಇಷ್ಟು' ಎಂದರೆ ಮಂಡಿಯ ಬೆಲೆಯ ಅರ್ಧ. ಅಕ್ಷರ ಮುತ್ತಿನಂತಿತ್ತು.

ಅಮ್ಮಾವ್ರು ಪಂಚಾಯ್ತಿಗೆ ನಾಲ್ಕು ಜನ ಹಿರಿಯ ದಲ್ಲಾಳಿಗಳನ್ನು ಕೂರಿಸಿದರು. ನಮ್ಮ ಮಂಡಿಯಲ್ಲೇ, ರಾಶಿಯ ಪಕ್ಕ. ಅಮ್ಮಾವ್ರು ಕಂಬಕ್ಕೆ ಒರಗಿ ನಿಂತಿದ್ದರು. ಯಜಮಾನರಿಗೆ ಒಪ್ಪಿಗೆಯಿಲ್ಲ ಎಂದು ಅವರು ಹೇಳಿದರು. ಅವರನ್ನೇ ಕೇಳೋಣ ಎಂದರು ಹಿರಿಯರು. ನಾನು ಕಾದಿದ್ದುದು ಅದಕ್ಕೇ. ಎಲ್ಲರಿಗಿಂತ ವಯಸ್ಸಾದವರು ಗಾದಿಯ ಹತ್ತಿರ ಬಗ್ಗಿ, ನಿಧಾನವಾಗಿ, ಮಂಡಿಯನ್ನು ಇವನಿಗೆ ಬಿಟ್ಟುಕೊಡಲು ನಿಮಗೆ ಒಪ್ಪಿಗೆಯೇ ಎಂದು ಕೇಳಿದರು.

ಯಜಮಾನರು ನನ್ನನ್ನು ನೋಡಿದರು. ಬಾಯಿ ತೆರೆಯಬಾರದೆಂದು ಹಲ್ಲು ಕಚ್ಚಿದರು. ದವಡೆಯ ನರ ಎದ್ದಿದ್ದು ಕಾಣುತ್ತಿತ್ತು. ಅಷ್ಟು ಸಿಟ್ಟು ಬಂದಾಗ ಮಾತು ನಿಲ್ಲಿಸುವುದು ಯಾರಿಂದಲೂ ಆಗುವುದಿಲ್ಲ, ನನ್ನ ಹಾಗೆ ಹುಟ್ಟಿದವರನ್ನು ಬಿಟ್ಟು. "ಆಯ್ತು ಕಣಪ್ಪ" ಎಂದರು. ತಲೆ ಅಡ್ಡಡ್ಡ ಆಡಿತು, ಎಡಗೈ ಗಾದಿಯನ್ನು ಬಡಿಯಿತು, ಧೂಳೆದ್ದಿತು.

"ಕೈ ನೋಡ್ರೀ" ಎಂದರು ಅಮ್ಮಾವ್ರು. "ಬಾಯಲ್ಲ, ಕೈ ನೋಡ್ರೀ."

ಹಿರಿಯರು ಕೈಯನ್ನು ನೋಡಿದರು. ನೋಡಲಿಲ್ಲ ಎನ್ನುವಂತಿಲ್ಲ. ಆಮೇಲೆ ರಾಶಿಯನ್ನು ನೋಡಿದರು. ನಾಳೆ ನಾಡಿದ್ದು ಇವರೆಲ್ಲ ಅದೇ ರಾಶಿಯ ಮುಂದೆ ಒಬ್ಬರ ಬಾಯಿಮಾತನ್ನು ಇನ್ನೊಬ್ಬರು ನಂಬಿ ಬದುಕಬೇಕಾದವರು. ಬಾಯಿಗಿಂತ ಕೈ ದೊಡ್ಡದು ಎಂದು ಒಂದು ಸಲ ಒಪ್ಪಿದರೆ ತಿಪಟೂರಿನಲ್ಲಿ ಮಾರನೆಯ ದಿನದಿಂದ ಎಲ್ಲರಿಗೂ ಕೈ ಬಡಿಯುವ ಕಾಯಿಲೆ ಬರುತ್ತಿತ್ತು.

"ಮಾತು ಬಂತಲ್ಲಮ್ಮ" ಎಂದರು ವಯಸ್ಸಾದವರು, ಹೆಗಲ ಟವೆಲ್ಲು ಕೊಡವುತ್ತಾ. "ಬಂದ ಮಾತ್ನ ನಾವು ಬಂದಿಲ್ಲ ಅನ್ನಕ್ಕಾಯ್ತದಾ?"

ಹೀಗೆ ನಾನು ಯಜಮಾನನಾದೆ. ಕಷ್ಟಪಟ್ಟದ್ದು ಸುಳ್ಳಲ್ಲ. ಮೊದಲ ಎರಡು ವರ್ಷ ಮಂಡಿಯಲ್ಲೇ ಮಲಗಿ, ಮಂಡಿಯಲ್ಲೇ ಎದ್ದೆ. ನನ್ನ ಮಾಲಿನಲ್ಲಿ ಒಂದು ಕೌಟು ಉಂಡೆ ಸಿಕ್ಕಿತೆಂದು ಯಾರೂ ದೂರಿಲ್ಲ. ದಿಲ್ಲಿಯ ಸೇಠು ತನ್ನ ಭಾವಮೈದುನನ್ನೂ ನಮಗೇ ಹಚ್ಚಿದ. ಎರಡು ಲಾರಿ ತೆಗೆದೆ, ಮನೆ ಕಟ್ಟಿಸಿದೆ. ಹಾಲಿನ ಡೈರಿಯ ಆ ನಡುವೆ ಕೂತವರು ತಮ್ಮ ಮಗನಿಗೆ ಕೆಲಸ ಕೇಳಿಕೊಂಡು ಬಂದರು. ಹುಡುಗ ಚುರುಕಿದ್ದ, ಹೆಸರು ಥಟ್ಟನೆ ಹೇಳಿದ. ಅಷ್ಟು ಬೇಗ ಹೇಳುವವನು ನನಗೆ ಬೇಡ ಎಂದು ಚೀಟಿಯಲ್ಲಿ ಬರೆದು ಕಳಿಸಿದೆ.

ಅವ್ವನನ್ನು ಕರೆತಂದಿಟ್ಟುಕೊಂಡೆ. ಬಂದ ಮೊದಲ ವಾರ ನಾನು ಮನೆಯ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು, ಫೋನು ಇಟ್ಟ ಮೇಲೆ, "ಒಳ್ಗೆ ಯಾರ್ಲಾ ಇದ್ದಿದ್ದು?" ಎಂದಳು. ನಾನೇ ಎಂದು ಹೇಳಲು ಹೊರಟೆ. ನಾ ಎನ್ನುವುದರಲ್ಲೇ ನಿಂತೆ. ಅವಳು ಅಡುಗೆಮನೆಗೆ ಹೋದಳು. ಈಗಲೂ ನಾನು ಫೋನಿನಲ್ಲಿರುವಾಗ ಆ ಕೋಣೆಗೆ ಬರುವುದಿಲ್ಲ, ಪರಪುರುಷನಿದ್ದಾನೆ ಎನ್ನುವಂತೆ ಸೆರಗು ಹೊದ್ದು ಹೊರಗೇ ನಿಲ್ಲುತ್ತಾಳೆ.

ನಾನು ಮಂಡಿ ಹಿಡಿದ ಮೂರನೆಯ ವರ್ಷ ಯಜಮಾನರು ತೀರಿಕೊಂಡರು. ಹೋಗಿದ್ದೆ. ದಿಲ್ಲಿಗೆ ಹೇಳಲಿಲ್ಲ. ನಾಲ್ಕನೆಯ ದಿನ ಸೇಠು ಫೋನು ಮಾಡಿ, ಎರಡು ದಿನ ಯಾಕೆ ಎತ್ತಲಿಲ್ಲ, ಮೈ ಹುಷಾರಿಲ್ಲವೇ ಎಂದು ಕಾಳಜಿಯಿಂದ ಕೇಳಿದ. ಅಚ್ಛಾ ಹೈ ಎಂದೆ, ಅವರದೇ ದನಿಯಲ್ಲಿ. ಹೇಳಿದ್ದರೆ ಏನಾಗುತ್ತಿತ್ತು? ಸೇಠು ಹೊಸ ಯಜಮಾನನ ಜೊತೆ ಮಾತಾಡಬೇಕು ಎನ್ನುತ್ತಿದ್ದ. ನಾನು ಹಲೋದ ಮೊದಲ ಅಕ್ಷರ ಹಿಡಿದುಕೊಂಡು ನಿಂತಿರುವಾಗ ಪಕ್ಕದ ಮಂಡಿಯವನು ಎರಡು ಲಾರಿ ಕಳಿಸಿರುತ್ತಿದ್ದ.

ತಿಥಿ ಎಲ್ಲ ಮುಗಿದು ಎಷ್ಟೋ ದಿನದ ಮೇಲೆ, ಹರಾಜಿನ ದಿನ ಹತ್ತು ಗಂಟೆಗೆ ಅಮ್ಮಾವ್ರು ಮಂಡಿಗೆ ಬಂದರು. ಕುರ್ಚಿ ಕೊಟ್ಟೆ, ಕೂರಲಿಲ್ಲ, ತುಂಬಿದ ಚೀಲವೊಂದರ ಮೇಲೆ ಕೂತರು. ಹಣಕ್ಕೆ ಬಂದಿರಬೇಕು ಎಂದುಕೊಂಡೆ. ಅದಾಗಿದ್ದರೆ ಕೊಡುತ್ತಿದ್ದೆ.

"ಅಂಗ್ಡಿ ತಗಂಡೆ, ಹೋಗ್ಲಿ ಬುಡು. ನೀನೂ ದುಡ್ದಿದೀಯ" ಎಂದರು. "ತರಕಾರಿಗೆ ಅಂತ ಈ ಬೀದೀಲೇ ಬತ್ತೀನಿ ಕಣಪ್ಪ. ಅವ್ರು ಒಳ್ಗೆ ಮಾತಾಡ್ತಿರೋದು ಕೇಳಿಸ್ತದೆ. ಮನೆಗೋಗಿ ಎರಡು ತಟ್ಟೆ ಹಾಕ್ತೀನಿ. ಹಾಕಿದ್ಮೇಲೆ ಗ್ಯಾನ ಬತ್ತದೆ." ಸೆರಗು ಸರಿಮಾಡಿಕೊಂಡು, "ಬ್ಯಾರೆ ಏನೂ ಬ್ಯಾಡ. ಆ ದನಿ ಒಂದು ಬುಟ್ಬುಡು" ಎಂದರು.

ಆಗಲಿ ಎನ್ನಬೇಕು ಎನ್ನಿಸಿತು. ಇದನ್ನು ಒಳ್ಳೆಯವನೆನಿಸಿಕೊಳ್ಳಲು ಬರೆಯುತ್ತಿಲ್ಲ, ಎನ್ನಿಸಿದ್ದು ನಿಜ. ನನ್ನ ದನಿಯಲ್ಲೇ ಹೇಳಲು ಬಾಯಿ ತೆರೆದೆ. 'ಆ' ಎನ್ನುವುದು ಗಂಟಲಲ್ಲಿ ಸಿಕ್ಕಿಕೊಂಡಿತು. ಅಮ್ಮಾವ್ರು ತಾರಸಿ ನೋಡಲಿಲ್ಲ, ಮಾತು ತುಂಬಿಕೊಡಲು ಹೋಗಲಿಲ್ಲ, ಮಡಿಲಲ್ಲಿ ಕೈಯಿಟ್ಟುಕೊಂಡು ಕಾದರು. ನನ್ನ ಮಾತಿಗೆ ಹಾಗೆ ಕಾದವರು ಅವರೊಬ್ಬರೇ. ಇನ್ನೊಂದು ಅರ್ಧ ನಿಮಿಷ ಸಿಕ್ಕಿದ್ದರೆ ಬರುತ್ತಿತ್ತೇನೋ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಸ್‌ಟಿಡಿ. ಹೊರಗೆ ಎರಡು ಲಾರಿಯ ಮಾಲು ಕೂತಿತ್ತು, ರೇಟು ಎರಡು ವಾರದಿಂದ ಇಳಿಯುತ್ತಿತ್ತು. ಮೂರನೆಯ ರಿಂಗು, ನಾಲ್ಕನೆಯ ರಿಂಗು. ಅಮ್ಮಾವ್ರು ನನ್ನನ್ನೇ ನೋಡುತ್ತಿದ್ದರು.

ಎತ್ತಿದೆ. "ಹಾಂ, ಬೋಲಿಯೇ ಸೇಠ್‌ಜೀ."

ಅಮ್ಮಾವ್ರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು, ಗುಡುಗಿಗೆ ಮಕ್ಕಳು ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಎದ್ದು ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. ಚೀಲದ ಮೇಲೆ ಕಣ್ಣು ಮುಚ್ಚಿ ಹಾಗೇ ಕೂತಿದ್ದರು. ನಾನು ಅವರ ಕಡೆಗೆ ಬೆನ್ನು ತಿರುಗಿಸಿ, ಎರಡು ಲಾರಿಯನ್ನೂ ಒಳ್ಳೆಯ ರೇಟಿಗೆ ಕುದುರಿಸಿ ಫೋನಿಟ್ಟೆ. ಅವರು ಕಣ್ಣು ತೆರೆದು, ಬೆರಳು ತೆಗೆಯದೆಯೇ, "ಮುಗೀತಾ?" ಎಂದರು. ತಲೆಯಾಡಿಸಿದೆ. ಎದ್ದು, ಸೀರೆಗೆ ಮೆತ್ತಿದ್ದ ನಾರನ್ನು ಕೊಡವಿಕೊಂಡು ಹೊರಟುಹೋದರು.

ಅವತ್ತಿನಿಂದ ಅವರು ನಮ್ಮ ಬೀದಿಯಲ್ಲಿ ಬರುವುದಿಲ್ಲ. ತರಕಾರಿಗೆ ಮಂಡಿಯ ಹಿಂದಿನ ದಾರಿಯಲ್ಲಿ, ನಾರಿನ ಮಿಲ್ಲಿನ ಮಟ್ಟೆಯ ಗುಡ್ಡೆಗಳ ಪಕ್ಕದಲ್ಲಿ, ಅರ್ಧ ಮೈಲಿ ಸುತ್ತು ಹಾಕಿಕೊಂಡು ಹೋಗುತ್ತಾರೆ. ನನ್ನ ಸ್ಟೂಲಿನ ಹಿಂದಿನ ಕಿಟಕಿ ಆ ಕಡೆಗೇ ಇದೆ. ಮಾತು ಅಲ್ಲಿಗೂ ಕೇಳಿಸುತ್ತದೆ ಎಂದು ನನಗೆ ಗೊತ್ತು, ಯಾಕೆಂದರೆ ಕಿಟಕಿಯ ನೇರಕ್ಕೆ ಬಂದಾಗ ಅವರು ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಕಿಟಕಿ ಮುಚ್ಚಿಸಬೇಕು ಅಂದುಕೊಂಡಿದ್ದೇನೆ. ಸೆಕೆಗೆ ಆಗುತ್ತಿಲ್ಲ.